ಬೋಳುಗುಡ್ಡಕ್ಕೆ ಭಾನುವಾರದ ಬಸ್ಸು

ನನ್ನ ತಂಗಿಯ ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಊರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿಲ್ಲ. ‘ಕಾಣಲ್ಲ-ಬಿಡಿ’ ಎಂದರೆ ಎಲ್ಲರಿಗೂ ಗೊತ್ತು. ಬೀರುವನ್ನು ಸರಿಸಿ ಅದರ ಹಿಂದಿನ ಗೋಡೆಗೂ ಒಂದು ಕೈ ಹೊಡೆಯಪ್ಪ ಎಂದು ಯಾರಾದರೂ ಹೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತದೆ: “ಅಲ್ಲಿ ಕಾಣಲ್ಲ ಬಿಡಿ.” ಬಾಗಿಲಿನ ಮೇಲಂಚು, ಕಿಟಕಿ ಚೌಕಟ್ಟಿನ ಅಡಿ, ನಲ್ಲಿ ಪೈಪಿನ ಹಿಂಬದಿ ಇವೆಲ್ಲ ಅವನ ಪಾಲಿಗೆ ಪ್ರಪಂಚದಲ್ಲೇ ಇಲ್ಲ.

ಹಾಗೆಂದು ಅವನು ಸೋಮಾರಿಯಲ್ಲ. ಕಾಣುವ ಗೋಡೆಯ ಮೇಲೆ ಅವನಷ್ಟು ಮೈಮುರಿದು ದುಡಿಯುವವನನ್ನು ನಾನು ನೋಡಿಲ್ಲ. ಹಳೆಯ ಬಣ್ಣ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಮರಳುಕಾಗದದಿಂದ ಉಜ್ಜಿ, ಆಮೇಲೆ ದೀಪವನ್ನು ಗೋಡೆಗೆ ಒತ್ತಿ ಹಿಡಿದು ಓರೆಗಣ್ಣಿನಿಂದ ನೋಡುತ್ತಾನೆ. ಸಾಸಿವೆಯಷ್ಟು ಉಬ್ಬು ಕಂಡರೂ ಮತ್ತೆ ಉಜ್ಜುತ್ತಾನೆ. ನಮ್ಮ ಹಲ್ಲಿನ ಡಾಕ್ಟರಮ್ಮನ ಕೋಣೆಯ ಗೋಡೆಗಳಿಗೆ ಎರಡು ಕೋಟು ಹೊಡೆದವನು ಛಾವಣಿಗೆ ಮೂರು ಹೊಡೆದ. ಕೇಳಿದರೆ, “ಬಾಯಿ ಬಿಟ್ಕೊಂಡು ಮಲಗಿದವರು ಇನ್ನೇನು ನೋಡ್ತಾರೆ?” ಎಂದ. ಕಾಣುವುದು, ಕಾಣದಿರುವುದು ಎಂದು ಲೋಕವನ್ನು ಎರಡು ಪಾಲು ಮಾಡಿ, ಒಂದು ಪಾಲಿನಲ್ಲಿ ನಿಷ್ಠೆಯಿಂದ ಬದುಕಿದವನು ಅವನು.

ಇಂಥವನಿಗೆ ಗಂಟುಬಿದ್ದವಳು ನನ್ನ ತಂಗಿ. ಅವಳು ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಕೆಳಗೆ ಹೊಲಿಗೆಯಂತ್ರ, ಗೋಡೆಯುದ್ದಕ್ಕೂ ದಾರದ ರೀಲುಗಳು, ಮೂಲೆಯಲ್ಲಿ ತಲೆಯಿಲ್ಲದ ಮರದ ಗೊಂಬೆ. ಯಾವ ಬಟ್ಟೆ ಕೈಗೆ ಬಂದರೂ ಮೊದಲು ಅದನ್ನು ಒಳಮಗ್ಗುಲು ತಿರುಗಿಸುತ್ತಾಳೆ. ಒಳಗಿನ ಹೊಲಿಗೆ ಹೊರಗಿನಷ್ಟೇ ನೇರವಾಗಿರಬೇಕು. ಇಲ್ಲದಿದ್ದರೆ, ತಾನೇ ಹೊಲಿದದ್ದಾದರೂ ಸರಿ, ಬಿಚ್ಚಿಹಾಕುತ್ತಾಳೆ.

“ಅದು ಯಾರಿಗೆ ಕಾಣುತ್ತೆ ಕಣೇ?” ಎಂದು ಗಂಡ.

“ಹಾಕ್ಕೊಂಡವರ ಮೈಗೆ ಗೊತ್ತಾಗುತ್ತೆ” ಎಂದು ಹೆಂಡತಿ.

ಮದುವೆಯಾದ ಹೊಸದರಲ್ಲಿ ಶುರುವಾದ ಈ ಜಗಳ ಮಗಳಿಗೆ ಮದುವೆ ಮಾಡಿ ಕಳಿಸಿದ ಮೇಲೂ ಮುಗಿದಿರಲಿಲ್ಲ. ಅವಳು ಉತ್ತರ ಕೊಡುವಾಗ ತುಟಿಗಳ ನಡುವೆ ಗುಂಡುಸೂಜಿಗಳಿರುತ್ತವೆ. ಹಾಗಾಗಿ ಮಾತುಗಳು ಚಪ್ಪಟೆಯಾಗಿ, ಒಂದೇ ದನಿಯಲ್ಲಿ ಹೊರಬರುತ್ತವೆ. ಅವಳು ನಗುವುದೂ ಅಪರೂಪ. ಸೂಜಿ ಕಚ್ಚಿಕೊಂಡು ನಗೋಕಾಗಲ್ಲ ಎಂಬುದು ಅವಳ ಸಮಜಾಯಿಷಿ.

ಭಾನುವಾರ ಮಾತ್ರ ಅವನು ಮನೆಯಲ್ಲಿ ಇರುತ್ತಿರಲಿಲ್ಲ. ಬೆಳಗಿನ ಬಸ್ಸು ಹತ್ತಿ ಬೋಳುಗುಡ್ಡಕ್ಕೆ ಹೋಗಿ, ದಿನವೆಲ್ಲ ನಡೆದು, ಸಂಜೆಯ ಬಸ್ಸಿಗೆ ವಾಪಸು ಬರುತ್ತಿದ್ದ.

ಆ ಗುಡ್ಡಕ್ಕೆ ಬೇರೆ ಯಾರೂ ಹೋಗುತ್ತಿರಲಿಲ್ಲ, ಹೋಗುವುದಕ್ಕೆ ಕಾರಣವೂ ಇರಲಿಲ್ಲ. ಅದು ಹೇಳಿಕೊಳ್ಳುವಷ್ಟು ಎತ್ತರವಿಲ್ಲ. ಕೋಟೆಯಿಲ್ಲ, ಜಲಪಾತವಿಲ್ಲ, ನೆರಳಿಗೊಂದು ಮರವಿಲ್ಲ, ಚಹಾ ಮಾರುವವನಿಲ್ಲ. ನಡೆದಷ್ಟೂ ಅದೇ ಒರಟು ಹುಲ್ಲು, ಮೊಣಕಾಲೆತ್ತರದ ಅದೇ ಕುರುಚಲು, ಹೆಜ್ಜೆ ಇಟ್ಟರೆ ಚುಳ್ಳೆಂದು ನೀರುಕ್ಕುವ ಅದೇ ಕಪ್ಪು ಜೌಗುನೆಲ. ಕಾಲುದಾರಿಯೂ ಇಲ್ಲ. ಮೇಲೆ ಹೋದರೆ ತುದಿ ಯಾವುದು ಎಂದು ತಿಳಿಯುವುದಿಲ್ಲ. ಒಂದು ಕಡೆ ನಿಂತು, ಇದೇ ಇರಬೇಕು ಎಂದುಕೊಳ್ಳಬೇಕು.

“ಏನಿದೆ ಅಲ್ಲಿ?” ಎಂದು ತಂಗಿ ಕೇಳುತ್ತಿದ್ದಳು.

“ಏನೂ ಇಲ್ಲ.”

“ಅದನ್ನ ನೋಡೋಕೆ ಬಸ್ಸು ಬೇರೆ ಹತ್ತಬೇಕಾ? ನಿಮ್ಮ ಜೇಬು ನೋಡ್ಕೊಂಡ್ರೆ ಸಾಲದಾ?”

ನಾನೂ ಒಮ್ಮೆ ಕೇಳಿದೆ. ಅವನು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸುತ್ತ, “ಅಕ್ಕ, ವಾರವೆಲ್ಲ ಗೋಡೆ ನನ್ನ ಮೂಗಿಗೆ ತಾಗ್ತಿರುತ್ತೆ. ಅಲ್ಲಿ ಹೋದ್ರೆ ಮೂಗಿನ ಮುಂದೆ ಏನೂ ಇರಲ್ಲ” ಎಂದ. ನನಗೆ ಅದು ಸಾಕಷ್ಟು ಒಳ್ಳೆಯ ಕಾರಣವೆನಿಸಿತು. ಜನ ಇದಕ್ಕಿಂತ ಕೆಟ್ಟ ಕಾರಣಗಳಿಗಾಗಿ ವಿಮಾನ ಹತ್ತುತ್ತಾರೆ.

ಹೀಗಿರುವಾಗ ಒಂದು ಭಾನುವಾರ ಸಂಜೆ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ಬಸ್ಸಿನ ಡ್ರೈವರು ಸುದ್ದಿ ಹೇಳಿದ್ದ: ಗುಡ್ಡದ ಬಸ್ಸನ್ನು ನಿಲ್ಲಿಸುವ ಯೋಚನೆ ಡಿಪೋದವರಿಗೆ ಬಂದಿದೆ. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಬಸ್ಸು ಬೆಳಿಗ್ಗೆ ಗುಡ್ಡದ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ಡ್ರೈವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುತ್ತಿದ್ದ. ಸಂಜೆ ಒಬ್ಬನೇ ಪ್ರಯಾಣಿಕನನ್ನು ಕೂರಿಸಿಕೊಂಡು ಬರುತ್ತಿತ್ತು. ಆ ಒಬ್ಬ ಇವನೇ. ಈಗ ತಿಂಗಳ ಕೊನೆಯ ಭಾನುವಾರ ಸಂಜೆ ಇನ್‌ಸ್ಪೆಕ್ಟರೊಬ್ಬರು ಊರ ಸೇತುವೆಯ ಬಳಿ ನಿಂತು, ವಾಪಸು ಬರುವ ಬಸ್ಸನ್ನು ಹತ್ತಿ ನೋಡುತ್ತಾರಂತೆ. ಜನ ಇದ್ದರೆ ಸರಿ. ಇಲ್ಲದಿದ್ದರೆ ಮುಂದಿನ ವಾರದಿಂದ ಬಸ್ಸಿಲ್ಲ.

ಬಸ್ಸು ಹೋದರೆ ಅವನ ಗುಡ್ಡವೂ ಹೋದಂತೆ. ನಡೆದು ಹೋಗುವ ದೂರವಲ್ಲ. ಅವನ ಬಳಿ ಗಾಡಿಯಿಲ್ಲ. ಏಣಿ ಹತ್ತಿ ಇಳಿದು ಸವೆದ ಮಂಡಿಗಳು ಸೈಕಲ್ಲಿಗೆ ಒಪ್ಪುವುದಿಲ್ಲ.

ಮರುದಿನ ತಂಗಿ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತಳು. “ಊಟ ಬಿಟ್ಟಿದ್ದಾರೆ ಅಕ್ಕ. ಮಗಳು ಗಂಡನ ಮನೆಗೆ ಹೋದ ದಿನ ಎರಡು ಸಲ ಬಡಿಸ್ಕೊಂಡಿದ್ದ ಮನುಷ್ಯ.”

“ಹಾಗಾದ್ರೆ ನೀನೂ ಒಂದು ಸಲ ಅವನ ಜೊತೆ ಹೋಗು. ಬಸ್ಸಲ್ಲಿ ಇಬ್ಬರಾಗ್ತೀರಿ.”

“ನೀನು ಬಂದ್ರೆ ಮೂವರು” ಎಂದಳು. ತೋಡಿದ ಗುಂಡಿಯಲ್ಲಿ ನಾನೇ ಬಿದ್ದಿದ್ದೆ.

ಅಷ್ಟರಲ್ಲಿ ಅವನೂ ಸುಮ್ಮನೆ ಕೂತಿರಲಿಲ್ಲ. ಏಣಿಯ ಮೇಲಿಂದ ಕೆಳಗೆ ಹಾದುಹೋಗುವವರನ್ನೆಲ್ಲ ಗುಡ್ಡಕ್ಕೆ ಕರೆಯುತ್ತಿದ್ದ. ಜನ ಮೇಲೆ ನೋಡಿ, ತಲೆಯ ಮೇಲೆ ಬಣ್ಣ ಬೀಳುತ್ತದೆಂದು ಪಕ್ಕಕ್ಕೆ ಸರಿದು, ನೆಪ ಹೇಳಿ ಹೋಗುತ್ತಿದ್ದರು. ಒಪ್ಪಿದವರು ಇಬ್ಬರು. ಒಬ್ಬ ನಮ್ಮ ಬೀದಿಯ ಕ್ಷೌರಿಕ. ಎಲ್ಲಿಗೆ ಕರೆದರೂ ಬರುವವನು, ಅವನಿಗೆ ಕೇಳುವ ಕಿವಿ ಸಿಕ್ಕರೆ ಆಯಿತು. ಇನ್ನೊಬ್ಬರು ಹಲ್ಲಿನ ಡಾಕ್ಟರಮ್ಮ. “ನನ್ನದೂ ನಿನ್ನ ಪಾಡೇ ಅಲ್ವೇನಪ್ಪಾ, ನಿನ್ನ ಮೂಗಿಗೆ ಗೋಡೆ, ನನ್ನ ಮೂಗಿಗೆ ಊರಿನವರ ಬಾಯಿ” ಎಂದು ಅವರು ಬರಲು ಒಪ್ಪಿದರು.

ಆದರೆ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: ದಾರಿ ತಪ್ಪಿದರೆ?

“ದಾರಿ ತಪ್ಪೋ ಮಾತೇ ಇಲ್ಲ. ಅದನ್ನ ನನಗೆ ಬಿಡಿ” ಎಂದ ಅವನು.

ಕೊನೆಯ ಭಾನುವಾರಕ್ಕೆ ಮೊದಲಿನ ಭಾನುವಾರಗಳಲ್ಲಿ ಅವನು ಬುತ್ತಿಯ ಜೊತೆ ಒಂದು ಡಬ್ಬಿ, ಒಂದು ಬ್ರಷ್ಷು ಕೂಡ ತೆಗೆದುಕೊಂಡು ಹೋದ. ಯಾವುದೋ ಶಾಲೆಯ ಗೇಟಿಗೆ ಬಳಿದು ಉಳಿದಿದ್ದ ಹಳದಿ ಬಣ್ಣ. ಗುಡ್ಡದ ಬುಡದಿಂದ ತುದಿಯವರೆಗೆ ಕಲ್ಲಿನಿಂದ ಕಲ್ಲಿಗೆ ಅಂಗೈಯಗಲದ ಗುರುತು ಹಾಕುತ್ತ ಹತ್ತಿದ. ಬಂದು ನಮ್ಮೆದುರು ಕೈ ಚಾಚಿ ತೋರಿಸಿದ; ಉಗುರಿನ ಸಂದಿಯಲ್ಲಿ ಹಳದಿ ಇತ್ತು.

“ಬಳಿಯೋಕೆ ಏನೂ ಇಲ್ಲ ಅಂತ ತಾನೇ ಅಲ್ಲಿಗೆ ಹೋಗ್ತಿದ್ದದ್ದು?” ಎಂದಳು ತಂಗಿ, ಸೂಜಿಗಳ ನಡುವಿನಿಂದ.

ಆ ಭಾನುವಾರ ಬಿಸಿಲು ಚೆನ್ನಾಗಿತ್ತು. ಡ್ರೈವರು ನಮ್ಮನ್ನು ನೋಡಿ ಕೆಳಗಿಳಿದು ಬಂದ. “ಏನ್ ಸಾರ್, ಮದುವೆ ದಿಬ್ಬಣಾನಾ? ಇಷ್ಟು ಜನ ಬಂದ್ರೆ ನಾನು ಮಲಗೋದೆಲ್ಲಿ?” ಎಂದು ಹಿಂದಿನ ಸೀಟಿನಲ್ಲಿದ್ದ ತನ್ನ ದಿಂಬನ್ನು ಎತ್ತಿ ಡಾಕ್ಟರಮ್ಮನಿಗೆ ಜಾಗ ಮಾಡಿಕೊಟ್ಟ. ಆಮೇಲೆ ದನಿ ತಗ್ಗಿಸಿ, “ಸಂಜೆ ಮಾತ್ರ ಕೈಕೊಡಬೇಡಿ. ಸೇತುವೆ ಹತ್ರ ಆತ ನಿಂತಿರ್ತಾನೆ. ಈ ರೂಟು ಹೋದ್ರೆ ನನ್ನನ್ನ ಆಸ್ಪತ್ರೆ ರೂಟಿಗೆ ಹಾಕ್ತಾರೆ, ಅಲ್ಲಿ ನಿದ್ದೆಯಿಲ್ಲ” ಎಂದ.

ಗುಡ್ಡದ ಬುಡದಲ್ಲಿ ಇಳಿದು ನಡೆಯತೊಡಗಿದೆವು. ಮೊದಲ ಗುರುತು ಕಂಡಾಗ ಅವನು ಪಕ್ಕಕ್ಕೆ ನಿಂತ, ನಾವು ನೋಡಲಿ ಎಂದು. ನೋಡುವಂತೆಯೇ ಇತ್ತು. ಬಟ್ಟಲು ಬೋರಲು ಹಾಕಿ ಗೆರೆ ಎಳೆದಂಥ ದುಂಡು, ಎಲ್ಲೂ ಸೋರಿಲ್ಲ, ಅಂಚು ಕದಡಿಲ್ಲ. ಕಲ್ಲಿನ ಪಾಚಿಯನ್ನು ಮೊದಲು ಕೆರೆದು, ಉಜ್ಜಿ, ಆಮೇಲೆ ಬಳಿದಿದ್ದ. ಒಂದು ಗುರುತಿನ ಬಳಿ ನಿಂತರೆ ಮೇಲೆ ಇನ್ನೊಂದು ಕಾಣುತ್ತಿತ್ತು, ಅಲ್ಲಿಗೆ ಹೋದರೆ ಮತ್ತೊಂದು. ಗೋಡೆಯಂತೆ ಗುಡ್ಡವನ್ನೂ ಮುಗಿಸಿದ್ದ.

“ಅಣ್ಣಾ, ನನ್ನ ಅಂಗಡಿ ಬೋರ್ಡಿಗೆ ಇಷ್ಟು ನಿಗಾ ಕೊಟ್ಟಿದ್ರೆ ನಾನು ಉದ್ಧಾರ ಆಗಿರ್ತಿದ್ದೆ” ಎಂದ ಕ್ಷೌರಿಕ.

ನಾನು ಬೇಸರಪಡುವ ಸಿದ್ಧತೆಯಲ್ಲಿ ಬಂದಿದ್ದೆ. ಬೇಸರವಾಗಲಿಲ್ಲ. ದೂರದಿಂದ ಕಂದು ಬಣ್ಣದ ಬೋಳು ಬೆನ್ನಿನಂತೆ ಕಾಣುವ ಗುಡ್ಡ ಹತ್ತಿರದಲ್ಲಿ ಬೋಳಾಗಿರಲಿಲ್ಲ. ಹುಲ್ಲಿನ ಬುಡದಲ್ಲಿ ಕೆಂಪು, ಹಸಿರು, ಬೂದು ಬಣ್ಣದ ಪಾಚಿ ದಪ್ಪ ರತ್ನಗಂಬಳಿಯಂತೆ ಹಾಸಿತ್ತು. ಅಲ್ಲಲ್ಲಿ ತಟ್ಟೆಯಷ್ಟಗಲದ ಕಪ್ಪು ನೀರಿನ ಗುಂಡಿಗಳು, ಪ್ರತಿಯೊಂದರಲ್ಲೂ ಒಂದೊಂದು ತುಂಡು ಆಕಾಶ. ಜೌಗಿನಲ್ಲಿ ಬೆಳೆದ ಒಂದು ಜಾತಿಯ ಹುಲ್ಲು ತುದಿಗಳಲ್ಲಿ ಬಿಳಿಯ ಹತ್ತಿಯಂಥ ಕುಚ್ಚು ಬಿಟ್ಟುಕೊಂಡು ಗಾಳಿಗೆ ಒಂದೇ ದಿಕ್ಕಿಗೆ ಬಾಗುತ್ತಿತ್ತು. ಕಾಣದ ಹಕ್ಕಿಯೊಂದು ತಲೆಯ ಮೇಲೆ ಎಲ್ಲೋ ನಿಂತು ಬಿಡುವಿಲ್ಲದೆ ಹಾಡುತ್ತಿತ್ತು.

ತಂಗಿ ಒಂದು ಕುಚ್ಚನ್ನು ಕಿತ್ತು ಬೆರಳುಗಳ ನಡುವೆ ಹೊಸೆದು ನೋಡಿದಳು. “ನೂಲಾಗಲ್ಲ, ಎಳೆ ಗಿಡ್ಡ” ಎಂದಳು. ಆದರೂ ಎಸೆಯಲಿಲ್ಲ. ಕೋಟಿನ ಜೇಬಿಗೆ ಹಾಕಿಕೊಂಡಳು.

ತುದಿಯಲ್ಲಿ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆವು. ನಾವು ಮುಖ ಮಾಡಿ ಕೂತ ಕಡೆ ಕಣ್ಣು ಹಾಯುವಷ್ಟು ದೂರ ಯಾರೂ ಕಟ್ಟಿದ್ದು, ಯಾರೂ ಬಳಿದದ್ದು ಒಂದೂ ಇರಲಿಲ್ಲ, ಕೆಳಗೆ ಬುಡದಲ್ಲಿ ಬೆಂಕಿಪೊಟ್ಟಣದಂತೆ ನಿಂತಿದ್ದ ಕೆಂಪು ಬಸ್ಸನ್ನು ಬಿಟ್ಟರೆ. ಅವನು ಅದರತ್ತ ಬೆರಳು ಮಾಡಿ, “ನೋಡಿ, ಇಳಿಯೋಕೆ ದಾರಿ ಹುಡುಕೋ ಕೆಲಸವೇ ಇಲ್ಲ. ಬಸ್ಸಿನ ಮೂತಿ ನೋಡ್ಕೊಂಡು ಇಳಿದ್ರಾಯ್ತು” ಎಂದ. ಊಟ ಬಿಟ್ಟಿದ್ದವನು ಈಗ ಕ್ಷೌರಿಕನ ಪಾಲಿನ ಮೊಟ್ಟೆಯನ್ನೂ ತಿಂದಿದ್ದ.

ಕ್ಷೌರಿಕ ಅದನ್ನು ಗಮನಿಸಲಿಲ್ಲ. ಅವನು ಆ ಕಾಣದ ಹಕ್ಕಿಯ ಹಾಡಿಗೆ ಕಿವಿಗೊಟ್ಟಿದ್ದ. ಡಾಕ್ಟರಮ್ಮ ಶೂ ಬಿಚ್ಚಿ ಒದ್ದೆ ಪಾಚಿಯ ಮೇಲೆ ಬರಿಗಾಲಿಟ್ಟುಕೊಂಡು ಕಣ್ಣು ಮುಚ್ಚಿದ್ದರು. ನನ್ನ ತಂಗಿ ಕೋಟನ್ನು ಹಾಸಿ, ಅದರ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿದ್ದಳು. ಅವಳು ಹಗಲಿನಲ್ಲಿ ಮಲಗಿದ್ದನ್ನು ನಾನು ಬಾಣಂತನದಲ್ಲಿ ಬಿಟ್ಟರೆ ಬೇರೆ ಯಾವಾಗಲೂ ಕಂಡವಳಲ್ಲ.

“ಏನಿದೆ?” ಎಂದ ಗಂಡ, ಮೆಲ್ಲಗೆ.

“ಏನೂ ಇಲ್ಲ. ಸುಮ್ಮನಿರಿ” ಎಂದಳು.

ಇಳಿಯಲು ಎದ್ದು ನಿಲ್ಲುವ ಹೊತ್ತಿಗೆ ಮಂಜು ಬಂತು. ಬಂತು ಎನ್ನುವುದೂ ತಪ್ಪು. ಅದು ಅಲ್ಲೇ ನೆಲದಿಂದ ಎದ್ದಂತಿತ್ತು. ಮೊದಲು ದೂರದ ಇಳಿಜಾರು ಅಳಿಸಿತು, ಆಮೇಲೆ ಬಸ್ಸು, ಆಮೇಲೆ ನಮ್ಮಿಂದ ನಾಲ್ಕು ಮಾರು ಆಚೆಗಿನದೆಲ್ಲ. ಎಲ್ಲಕ್ಕೂ ಒಂದೇ ಬಿಳಿಯ ಕೋಟು ಹೊಡೆದಂತೆ.

“ಬಸ್ಸು ಕಾಣ್ತಿಲ್ವಲ್ಲ” ಎಂದರು ಡಾಕ್ಟರಮ್ಮ.

“ಬಸ್ಸು ಯಾಕೆ ಬೇಕು? ನಮ್ಮ ಗುರುತುಗಳಿವೆಯಲ್ಲ!” ಎಂದು ಕ್ಷೌರಿಕ ಉತ್ಸಾಹದಿಂದ ಮುಂದೆ ಹೊರಟ. ಒಂದು ಕಲ್ಲು ಸಿಕ್ಕಿತು. ಬೂದು ಕಲ್ಲು. ಇನ್ನೊಂದು ಸಿಕ್ಕಿತು. ಅದೂ ಬೂದು. “ಅಣ್ಣಾ, ಹಳದಿ ಎಲ್ಲಿ?”

ನನ್ನ ತಂಗಿ ಎರಡನೆಯ ಕಲ್ಲನ್ನು ದಾಟಿ ನಾಲ್ಕು ಹೆಜ್ಜೆ ಕೆಳಗೆ ಹೋಗಿ, ತಿರುಗಿ ನಿಂತಳು. ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ನೋಡುವ ಅದೇ ಮುಖ. ಕಲ್ಲಿನ ಕೆಳಮುಖದಲ್ಲಿ ದುಂಡನೆಯ, ಅಂಚು ಕದಡದ ಹಳದಿ ಗುರುತು ಅವಳನ್ನೇ ನೋಡುತ್ತಿತ್ತು.

“ರೀ.”

“ಹೂಂ.”

“ಹಿಂದುಗಡೆ ಬಳಿದಿಲ್ವಾ?”

ಗಂಡ ಕಲ್ಲನ್ನು ನೋಡಿದ, ಮಂಜನ್ನು ನೋಡಿದ. “ಹತ್ತೋರಿಗೆ ಹಿಂದುಗಡೆ ಕಾಣಲ್ಲ...” ಎಂದು ಶುರುಮಾಡಿ ನಿಲ್ಲಿಸಿದ.

“ಇಳಿಯೋರಿಗೆ?”

“ಇಳಿಯೋರಿಗೆ ಬಸ್ಸು ಕಾಣುತ್ತಲ್ಲ ಅಂತ...”

ಪ್ರತಿ ಕಲ್ಲಿಗೂ ಅವನು ಮುಂಭಾಗಕ್ಕಷ್ಟೇ ಬಳಿದಿದ್ದ. ಹತ್ತುವವರ ಕಣ್ಣಿಗೆ ಯಾವುದು ಬೀಳುತ್ತದೋ ಅದಕ್ಕೆ ಮಾತ್ರ. ಬೆಟ್ಟ ಹತ್ತಿದವರು ಇಳಿಯಲೂ ಬೇಕು ಎಂಬುದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು. ಆದರೆ ಜೀವಮಾನವಿಡೀ ಬೀರುವಿನ ಮುಂದೆ ನಿಂತವನಿಗೆ ಕಲ್ಲಿಗೂ ಹಿಂಬದಿ ಇದೆಯೆಂದು ಹೇಗೆ ಹೊಳೆಯಬೇಕು?

“ಒಂದು ಉಪಾಯ ಇದೆ” ಎಂದ ಕ್ಷೌರಿಕ. “ಹಿಮ್ಮುಖವಾಗಿ ಇಳಿಯೋಣ. ಮುಖ ಮೇಲಕ್ಕೆ ಇದ್ರೆ ಗುರುತು ಕಾಣುತ್ತೆ.”

ತರ್ಕದಲ್ಲಿ ತಪ್ಪಿರಲಿಲ್ಲ. ಹಾಗಾಗಿ ವಯಸ್ಸಾದ, ಜವಾಬ್ದಾರಿಯುಳ್ಳ ಐದು ಜನ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಮಂಜಿನಲ್ಲಿ, ಗುಡ್ಡವನ್ನು ಹಿಂದುಹಿಂದಕ್ಕೆ ಇಳಿಯತೊಡಗಿದೆವು. ದಾಟಿದ ಕಲ್ಲಿನ ಗುರುತು ನಮಗೆ ಕಾಣುತ್ತಿತ್ತು. ಮುಂದಿನ ಕಲ್ಲು ಎಲ್ಲಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ಅದು ನಮ್ಮ ಬೆನ್ನ ಹಿಂದೆ ಇತ್ತು. ಉಪಾಯದ ಈ ಕೊರತೆ ತಿಳಿದದ್ದು ಕ್ಷೌರಿಕ ಸೊಂಟದವರೆಗೆ ಕಪ್ಪು ಕೆಸರಿನಲ್ಲಿ ಕೂತಾಗ.

“ಬಿಸಿಯಾಗಿದೆಯೋ, ತಣ್ಣಗಿದೆಯೋ?” ಎಂದು ಡಾಕ್ಟರಮ್ಮ, ರೋಗಿಯ ಬಾಯಿ ಮುಕ್ಕಳಿಸುವ ನೀರಿನ ಬಗ್ಗೆ ಕೇಳುವಂತೆಯೇ ಕೇಳಿದರು.

“ತಣ್ಣಗಿದೆ ಡಾಕ್ಟ್ರೇ, ಉಗಿಯೋಕೆ ಮಾತ್ರ ಆಗ್ತಿಲ್ಲ.”

ಅವನನ್ನು ಎಳೆದು ಮೇಲಕ್ಕೆತ್ತುವಷ್ಟರಲ್ಲಿ ನಾವು ಯಾವ ಕಡೆ ಮುಖ ಮಾಡಿದ್ದೆವು ಎಂಬುದು ಯಾರಿಗೂ ನೆನಪಿರಲಿಲ್ಲ. ಹಳದಿ ಗುರುತು ಎಲ್ಲೂ ಇರಲಿಲ್ಲ. ನನ್ನ ತಂಗಿಯ ಗಂಡ ಒಂದು ಕಲ್ಲಿನ ಮೇಲೆ ಕೂತುಬಿಟ್ಟ. ಅವನಿಗೆ ದಾರಿ ತಪ್ಪಿದ್ದರ ಚಿಂತೆಯಿರಲಿಲ್ಲ. ಸಾಧುವಾದ ಗುಡ್ಡ, ಹಗಲು ಇನ್ನೂ ಬೇಕಾದಷ್ಟಿತ್ತು, ಯಾರೂ ಸಾಯುವಂತಿರಲಿಲ್ಲ. “ಬಸ್ಸು ಖಾಲಿ ಹೋಗುತ್ತೆ ಅಕ್ಕ. ಸೇತುವೆ ಹತ್ರ ಆತ ಹತ್ತಿ ನೋಡಿದ್ರೆ ಒಬ್ಬನೂ ಇರಲ್ಲ. ನಾನು ಒಬ್ಬನೇ ಬಂದಿದ್ರೆ ಒಬ್ಬನಾದ್ರೂ ಇರ್ತಿದ್ದೆ” ಎಂದ. ಲೆಕ್ಕ ಸರಿಯಾಗಿತ್ತು.

ತಂಗಿ ಮಾತ್ರ ಎತ್ತಲೋ ನೋಡುತ್ತಿದ್ದಳು. ಹತ್ತು ಹೆಜ್ಜೆ ನಡೆದು, ಕೈ ಚಾಚಿ, ಮಂಜಿನಿಂದ ಏನನ್ನೋ ಹಿಡಿದಳು. ತಂತಿ. ಕುರಿಗಳಿಗೆ ಹಾಕಿದ ಬೇಲಿಯ ತಂತಿ. ಅದರ ತುಂಬ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. “ಬೇಲಿ ಅಂದ್ಮೇಲೆ ಯಾರೋ ಹಾಕಿರಬೇಕು. ಹಾಕಿದವರು ಮನೆಗೆ ಹೋಗಿರಬೇಕು. ಏಳಿ” ಎಂದಳು.

ಬೇಲಿ ಹಿಡಿದು ಇಳಿಯುವಾಗ ಇದ್ದಕ್ಕಿದ್ದಂತೆ ಅವಳು ನಿಂತಳು. ಭುಜಗಳು ಕುಲುಕುತ್ತಿದ್ದವು. ಕಾಲು ಉಳುಕಿರಬೇಕು ಎಂದು ನಾನು ಹತ್ತಿರ ಹೋದೆ. ಅವಳು ನಗುತ್ತಿದ್ದಳು. ದನಿ ಹೊರಡದೆ, ಕಣ್ಣಲ್ಲಿ ನೀರು ಬಂದು, ಬೇಲಿಯ ಕಂಬವನ್ನು ತಬ್ಬಿಕೊಂಡು ನಗುತ್ತಿದ್ದಳು. “ಅಷ್ಟು... ಅಷ್ಟು ದುಂಡಗೆ...” ಎಂದು ಹೇಳಲು ಹೊರಟು ಮತ್ತೆ ನಕ್ಕಳು. “ಕೆರೆದು, ಉಜ್ಜಿ, ಅಂಚು ನೋಡಿ...” ಮುಂದೆ ಹೇಳಲಾಗಲಿಲ್ಲ.

ಗಂಡ ಮೊದಲು ಮುಖ ಊದಿಸಿಕೊಂಡ. ಆಮೇಲೆ ಅವಳನ್ನೇ ನೋಡುತ್ತ ನಿಂತ. ಅವಳು ಹೀಗೆ ನಗುವುದನ್ನು ಅವನು ಮದುವೆಯ ವರ್ಷ ಕಂಡಿದ್ದರೆ ಕಂಡಿರಬೇಕು. ಅವನ ಮೀಸೆಯೂ ಅಲುಗತೊಡಗಿತು. ಕೆಸರು ಮೆತ್ತಿಕೊಂಡ ಕ್ಷೌರಿಕನಿಗೆ ಇನ್ಯಾವ ಪ್ರೋತ್ಸಾಹವೂ ಬೇಕಿರಲಿಲ್ಲ. ಡಾಕ್ಟರಮ್ಮ ನಗುವಾಗ ಅವರ ಹಲ್ಲುಗಳೂ ಅಷ್ಟೇನು ಚೆನ್ನಾಗಿಲ್ಲ ಎಂಬುದನ್ನು ನಾನು ಅಂದು ಗಮನಿಸಿದೆ.

ಬೇಲಿ ನಮ್ಮನ್ನು ಮಂಜಿನಿಂದ ಹೊರಕ್ಕೆ ತಂದು, ಉದ್ದನೆಯ ತಗಡಿನ ಶೆಡ್ಡೊಂದರ ಅಂಗಳದಲ್ಲಿ ಬಿಟ್ಟಿತು. ಉಣ್ಣೆ ವಿಂಗಡಿಸುವ ಶೆಡ್ಡು. ಒಳಗೆ ಉದ್ದದ ಮೇಜುಗಳು, ಮೇಜಿನ ಮೇಲೆ ರಾಶಿ ಉಣ್ಣೆ. ಹೆಂಗಸರು ಆಗಷ್ಟೇ ಕೆಲಸ ಮುಗಿಸಿ ಏಪ್ರನ್ನು ಬಿಚ್ಚುತ್ತಿದ್ದರು. ಗುಡ್ಡದ ಕಡೆಯಿಂದ ಮನುಷ್ಯರು ಬಂದದ್ದನ್ನು ನೋಡಿ ಎಲ್ಲರೂ ಕೈಯಲ್ಲಿದ್ದದ್ದು ಕೈಯಲ್ಲೇ ಹಿಡಿದು ನಿಂತರು.

“ಎಲ್ಲಿಂದ ಬಂದ್ರಿ?” ಎಂದಳು ದಪ್ಪ ದನಿಯ ಒಬ್ಬಾಕೆ. ಅವಳು ಶೆಡ್ಡಿನ ಮೇಸ್ತ್ರಿ.

“ಗುಡ್ಡ ಹತ್ತಿ ಇಳಿದ್ವಿ.”

“ಯಾಕೆ?”

ನಾವು ನಾಲ್ವರೂ ಬಣ್ಣದವನ ಕಡೆ ತಿರುಗಿದೆವು.

ಕ್ಷೌರಿಕನ ಫೋನಿಗೆ ಅಲ್ಲಿ ಸಿಗ್ನಲ್ಲು ಸಿಕ್ಕಿತು. ಡ್ರೈವರಿಗೆ ಫೋನು ಮಾಡಿದ. ಆ ಮನುಷ್ಯನ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿತ್ತು. “ಎಲ್ರೀ ಇದ್ದೀರಿ? ಹಾರ್ನ್ ಹೊಡೆದು ಹೊಡೆದು ಬ್ಯಾಟರಿ ಇಳಿದೋಯ್ತು!”

“ನಾವು ಇಳಿದಾಯ್ತು ಅಣ್ಣ. ನೀನೆಲ್ಲಿ?”

“ನಾನು ಇಲ್ಲೇ ಇದ್ದೀನಿ, ನೀವು ಕಾಣ್ತಿಲ್ಲ.”

“ಇಲ್ಲಿ ಒಂದು ಉಣ್ಣೆ ಶೆಡ್ಡಿದೆ...”

“ಅಯ್ಯೋ ದೇವ್ರೇ! ಅದು ಗುಡ್ಡದ ಹಿಂದುಗಡೆ!”

ನನ್ನ ತಂಗಿ ಮತ್ತೆ ನಗುತ್ತ ಶೆಡ್ಡಿನ ಗೋಡೆ ಹಿಡಿದುಕೊಂಡಳು.

ಡ್ರೈವರಿಗೆ ಎರಡು ದಾರಿಗಳಿದ್ದವು. ಖಾಲಿ ಬಸ್ಸನ್ನು ಹೊತ್ತಿಗೆ ಸರಿಯಾಗಿ ಸೇತುವೆಗೆ ಒಯ್ಯುವುದು, ಅದು ನಿಯಮ. ಇಲ್ಲವೇ ತನ್ನದಲ್ಲದ ರಸ್ತೆಯಲ್ಲಿ ಗುಡ್ಡವನ್ನು ಸುತ್ತಿಕೊಂಡು ಬಂದು ನಮ್ಮನ್ನು ಎತ್ತಿಕೊಳ್ಳುವುದು. “ಹೇಗೂ ಹೋಗೋ ರೂಟು. ಮರ್ಯಾದೆಯಾಗಿ ಒಂದು ಸುತ್ತು ಹಾಕಿ ಹೋಗಲಿ. ಅಲ್ಲೇ ಇರಿ” ಎಂದ.

ಬಸ್ಸು ಬರುತ್ತದೆ ಎಂದು ನಾವು ಹೇಳಿದಾಗ ಮೇಸ್ತ್ರಿ ನಂಬಲಿಲ್ಲ. “ಇಲ್ಲಿಗೆ? ಬಸ್ಸು?” ಆ ಹೆಂಗಸರು ದಿನಾ ಹೆದ್ದಾರಿಯವರೆಗೆ ನಡೆದು, ಅಲ್ಲಿ ಯಾವುದಾದರೂ ಲಾರಿಗೆ ಕೈ ಅಡ್ಡ ಹಿಡಿದು ಊರು ಸೇರುತ್ತಿದ್ದರು. ಭಾನುವಾರ ಲಾರಿಗಳೂ ಕಡಿಮೆ. ಕೆಂಪು ಬಸ್ಸಿನ ಮೂತಿ ತಿರುವಿನಲ್ಲಿ ಕಂಡದ್ದೇ ತಡ, ಮೇಸ್ತ್ರಿ ತನ್ನ ಬುಟ್ಟಿ ಎತ್ತಿಕೊಂಡು, “ಏನ್ರೇ ನೋಡ್ತಾ ನಿಂತಿದ್ದೀರಿ? ಹತ್ರೇ!” ಎಂದು ಕೂಗಿದಳು. ಅವರು ನಮಗಿಂತ ಮೊದಲೇ ಹತ್ತಿದರು. ಸೀಟೆಲ್ಲ ಅವರದಾಯಿತು. ಮುಂದೆ ದಾರಿಯುದ್ದಕ್ಕೂ, ಹಾಲಿನ ಕ್ಯಾನು ಹಿಡಿದವರು, ಸಂತೆಯಿಂದ ಬರುವವರು, ಬಸ್ಸನ್ನು ಕಂಡು ಆಶ್ಚರ್ಯದಿಂದ ಕೈ ಎತ್ತುತ್ತಿದ್ದರು. ಹೇಗೂ ಕೆಟ್ಟಾಯಿತು ಎಂದು ಡ್ರೈವರು ಎಲ್ಲರನ್ನೂ ಹತ್ತಿಸಿಕೊಂಡ. ಬಸ್ಸು ಉಣ್ಣೆ, ಕೆಸರು, ಹಾಲಿನ ವಾಸನೆ ಹೊಡೆಯುತ್ತಿತ್ತು. ಯಾರೋ ಹಾಡು ಶುರುಮಾಡಿದರು. ಕ್ಷೌರಿಕ ಹಿಂದಿನಿಂದ ದನಿಗೂಡಿಸಿದ, ತಪ್ಪು ಸಾಲಿನಲ್ಲಿ.

ಸೇತುವೆಯ ಬಳಿ ಇನ್‌ಸ್ಪೆಕ್ಟರು ನಿಂತಿದ್ದರು. ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬಸ್ಸು ಬರಬೇಕಾದ ರಸ್ತೆಯನ್ನೇ ನೋಡುತ್ತಿದ್ದರು. ನಾವು ಬಂದದ್ದು ಅವರ ಬೆನ್ನ ಕಡೆಯಿಂದ. ಡ್ರೈವರು ಹಾರ್ನ್ ಹೊಡೆದಾಗ ಅವರು ನೆಗೆದು ತಿರುಗಿದರು. ಬಾಗಿಲಿಗೆ ಬಂದರು. ಒಂದು ಕಾಲು ಮೆಟ್ಟಿಲ ಮೇಲಿಟ್ಟರು, ಇನ್ನೊಂದಕ್ಕೆ ಜಾಗವಿರಲಿಲ್ಲ.

“ಇದು ಯಾವ ರೂಟ್ರೀ?” ಎಂದರು.

“ಗುಡ್ಡದ್ದೇ ಸಾರ್” ಎಂದ ಡ್ರೈವರು. “ಸ್ವಲ್ಪ ಹಿಂದುಗಡೆಯಿಂದ ಬಂದೆ.”

“ಒಳಗೆ ಸರೀರಿ ಸಾರ್, ಗಾಳಿ ಬರಲಿ” ಎಂದಳು ಮೇಸ್ತ್ರಿ.

ಡ್ರೈವರಿಗೆ ಡಿಪೋದಿಂದ ಒಂದು ಕಟುವಾದ ನೋಟೀಸು ಬಂತು. ಅದರ ಹಿಂದೆಯೇ ಹೊಸ ರೂಟೂ ಬಂತು. ಗುಡ್ಡದ ಬಸ್ಸು ಈಗ ಬುಡದಲ್ಲಿ ತಿರುಗಿ ಬರುವುದಿಲ್ಲ. ಗುಡ್ಡವನ್ನು ಪೂರ್ತಿ ಸುತ್ತಿಕೊಂಡು, ಉಣ್ಣೆಯ ಶೆಡ್ಡಿನ ಮುಂದೆ ನಿಂತು, ಸೇತುವೆಗೆ ಬರುತ್ತದೆ. ಭಾನುವಾರವಷ್ಟೇ ಅಲ್ಲ, ದಿನಾ. ಡ್ರೈವರಿಗೆ ನಿದ್ದೆಯಿಲ್ಲ. ಅವನು ಇದನ್ನು ಬಣ್ಣದವನ ಮುಖಕ್ಕೇ ಹೇಳುತ್ತಾನೆ. ಬಣ್ಣದವನಿಗೂ ದೂರಿಲ್ಲದಿಲ್ಲ: ಬಸ್ಸಿನಲ್ಲಿ ಈಗ ಅವನಿಗೆ ಸೀಟು ಸಿಗುವುದಿಲ್ಲ. ನನ್ನ ತಂಗಿಗೆ ಸಿಗುತ್ತದೆ. ಶೆಡ್ಡಿನ ಹೆಂಗಸರು ಅವಳಿಗೆ ಕಿಟಕಿಯ ಪಕ್ಕ ಜಾಗ ಹಿಡಿದಿಟ್ಟು, ಬದಲಿಗೆ ಕೋಟಿನ ಹರಿದ ಅಸ್ತರುಗಳನ್ನು ತೊಡೆಯ ಮೇಲೆ ತಂದಿಡುತ್ತಾರೆ.

ಹೌದು, ಅವಳೂ ಪ್ರತಿ ಭಾನುವಾರ ಹೋಗುತ್ತಾಳೆ. ಗುಡ್ಡಕ್ಕೆ ಬರುವವರ ಸಂಖ್ಯೆ ಅಷ್ಟರಮಟ್ಟಿಗೆ ಏರಿದೆ. ಮೊದಲ ಕೆಲವು ವಾರ ಇಬ್ಬರೂ ಹಳದಿ ಡಬ್ಬಿ ಹಿಡಿದುಕೊಂಡು ಮೇಲಿನಿಂದ ಕೆಳಗೆ ಬಳಿಯುತ್ತ ಬಂದರು. ಅವನು ಬಳಿಯುವುದು, ಅವಳು ನಿಂತು ನೋಡುವುದು. ಒಂದು ಗುರುತಿನ ಅಂಚು ಸ್ವಲ್ಪ ಸೋರಿತ್ತಂತೆ. ಅದು ದೊಡ್ಡ ಕಲ್ಲೊಂದರ ಸಂದಿಯಲ್ಲಿ, ಪಾಚಿಯ ಮರೆಯಲ್ಲಿತ್ತು. ಅವಳು ಬೆರಳು ತೋರಿಸಿದಾಗ ಅವನು ಅಭ್ಯಾಸಬಲದಿಂದ, “ಕಾಣಲ್ಲ ಬಿಡು” ಎಂದನಂತೆ.

“ಯಾವ ಕಡೆಯಿಂದ?” ಎಂದಳಂತೆ.

ಅವನು ಮತ್ತೆ ಕೂತು ಒರೆಸಿ ಬಳಿದ. ಇದನ್ನು ನನಗೆ ಹೇಳಿದವನು ಅವನೇ, ನನ್ನ ಮಲಗುವ ಕೋಣೆಗೆ ಬಣ್ಣ ಹೊಡೆಯಲು ಬಂದಾಗ, ಏಣಿಯ ಮೇಲೆ ನಿಂತು ನಗುತ್ತ. ಕೋಣೆ ಚೆನ್ನಾಗಿ ಬಂದಿದೆ. ಬೀರುವಿನ ಹಿಂದೆ ಮಾತ್ರ ಹಳೆಯ ಬಣ್ಣವೇ ಇದೆ.